ಬಾಡಿಗೆ ಮನೆಗೆ ಆಧಾರ್ ಕೊಡುವ ಮೊದಲು: ಮುಂಬೈ, ಪುಣೆಯ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಪುಣೆಯ ವಾಕಡ್‌ನಲ್ಲಿ ಮನೆ ಹುಡುಕುತ್ತಿದ್ದ ನನ್ನ ಚಿಕ್ಕಪ್ಪನ ಮಗ ಒಂದೇ ಭಾನುವಾರ ಐದು ಜನ ಬ್ರೋಕರ್‌ಗಳಿಗೆ ಆಧಾರ್, ಪ್ಯಾನ್, ಆಫೀಸಿನ ಐಡಿ, ಮೂರು ತಿಂಗಳ ಸಂಬಳದ ಚೀಟಿ ಎಲ್ಲವನ್ನೂ ವಾಟ್ಸ್ಆ್ಯಪ್ ಮಾಡಿದ. ಮನೆ ಕೊಡಿಸಿದ್ದು ಒಬ್ಬ. ಉಳಿದ ನಾಲ್ವರ ಫೋನಿನಲ್ಲಿ ಅವನ ಕಾಗದಗಳು ಹಾಗೇ ಉಳಿದವು. ಏಳು ತಿಂಗಳ ನಂತರ, ಅವನು ಕೊಂಡೇ ಇಲ್ಲದ ಸಿಮ್ ಒಂದು ಅವನ ಹೆಸರಿನಲ್ಲಿ ಓಡುತ್ತಿರುವುದು ಗೊತ್ತಾಯಿತು. ಯಾರ ಕಡೆಯಿಂದ ಹೋಯಿತು ಎಂದು ಪೊಲೀಸರು ಕೇಳಿದಾಗ ಅವನಲ್ಲಿ ಉತ್ತರ ಇರಲಿಲ್ಲ. ಐದು ಪ್ರತಿಗಳೂ ಒಂದೇ ಥರ ಇದ್ದವು.

ಡೊಂಬಿವಲಿ, ಮೀರಾ ರೋಡ್, ಹಿಂಜೆವಾಡಿ ಕಡೆಯಿಂದ ಇಂಥದೇ ಕರೆಗಳು ಬರುತ್ತಲೇ ಇವೆ. "ಅಣ್ಣಾ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ, ಈಗ ಏನು ಮಾಡಲಿ?" ಎಂದೇ ಎಲ್ಲರೂ ಕೇಳುತ್ತಾರೆ. ಹೇಳಿರುವುದು ನಿಜ. ಆದರೆ ಕಾಗದ ಕೈಬಿಟ್ಟ ಮೇಲೆ ಆ ಹಕ್ಕನ್ನು ಹಿಡಿದು ಹೊರಟರೆ ಠಾಣೆ, ಅರ್ಜಿ, ತಿಂಗಳುಗಟ್ಟಲೆ ಓಡಾಟ. ಕೈಬಿಡುವ ಮೊದಲು ಬಳಸಿದರೆ ಹತ್ತು ನಿಮಿಷದ ಕೆಲಸ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮನೆ ನೋಡಲು ಹೋಗುವ ಹಿಂದಿನ ರಾತ್ರಿಯೇ ಮೊದಲ ಎರಡು ಹಂತ ಮುಗಿದಿರಲಿ.

ಮೊದಲೇ ಕೈಯಲ್ಲಿ ಇರಬೇಕಾದದ್ದು

ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ಊರಿನಲ್ಲಿದ್ದಾಗ ಕೊಟ್ಟ ಹಳೆಯ ನಂಬರ್ ಬಿಟ್ಟುಹೋಗಿದ್ದರೆ ಮುಂದಿನ ಯಾವ ಹಂತವೂ ಆಗುವುದಿಲ್ಲ. ಹತ್ತಿರದ ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ನಂಬರ್ ಸೇರಿಸಿ, ಜೊತೆಗೆ ಇಮೇಲ್ ವಿಳಾಸವನ್ನೂ ಸೇರಿಸಿ. ಇಮೇಲ್ ಇದ್ದರೆ ನಿಮ್ಮ ಆಧಾರ್ ಎಲ್ಲಾದರೂ ದೃಢೀಕರಣಕ್ಕೆ ಬಳಕೆಯಾದಾಗ ಸೂಚನೆ ಬರುತ್ತದೆ.

ಇನ್ನು ಬೇಕಿರುವುದು ಆಧಾರ್ ಬಿಟ್ಟು ಬೇರೊಂದು ಗುರುತಿನ ಚೀಟಿ (ಪಾಸ್‌ಪೋರ್ಟ್, ಮತದಾರರ ಚೀಟಿ ಅಥವಾ ಡ್ರೈವಿಂಗ್ ಲೈಸೆನ್ಸ್), ಒಂದು ಪೆನ್ನು, ಒಂದು ನೋಟ್‌ಬುಕ್. ನೋಟ್‌ಬುಕ್ಕನ್ನು ಹಗುರವಾಗಿ ಕಾಣಬೇಡಿ. ಕೊನೆಗೆ ಸಾಕ್ಷಿಯಾಗಿ ನಿಲ್ಲುವುದು ಅದೇ.

ಹಂತ 1: ಕೇಳುತ್ತಿರುವವರು ಯಾರು ಎಂದು ವಿಂಗಡಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಪೊಲೀಸ್, ಮನೆ ಮಾಲೀಕ, ಬ್ರೋಕರ್, ಸೊಸೈಟಿ ಸೆಕ್ರೆಟರಿ, ಗೇಟಿನ ವಾಚ್‌ಮನ್ ಎಲ್ಲರಿಗೂ ಒಂದೇ ಕಟ್ಟು ಹೋಗುತ್ತದೆ. ಇವರೆಲ್ಲರ ಅಧಿಕಾರ ಒಂದೇ ಅಲ್ಲ.

2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಕೊಟ್ಟ ತೀರ್ಪಿನಿಂದ ನಿಮಗೆ ಬೇಕಾಗಿರುವುದು ಮೂರು ಪ್ರಶ್ನೆ. ಸರ್ಕಾರ ಖಾಸಗಿತನದೊಳಗೆ ಕಾಲಿಡಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು. ಕೋರ್ಟು ಇದನ್ನು ಸರ್ಕಾರವನ್ನು ಅಳೆಯಲು ಇಟ್ಟ ಅಳತೆಗೋಲು. ಅದನ್ನೇ ನಾನು ಪ್ರತಿ ಕಾಗದಕ್ಕೂ ಬಳಸುತ್ತೇನೆ: ಯಾವ ನಿಯಮದಡಿ ಕೇಳುತ್ತಿದ್ದೀರಿ? ಯಾವ ಕೆಲಸಕ್ಕೆ? ಅಷ್ಟಕ್ಕೆ ಇದಕ್ಕಿಂತ ಕಡಿಮೆ ಕೊಟ್ಟರೆ ಸಾಲದೇ?

ಪೊಲೀಸ್ ಪರಿಶೀಲನೆಗೆ ಆಧಾರವಿದೆ. ಮುಂಬೈಯಲ್ಲಿ ಬಾಡಿಗೆದಾರರ ಮಾಹಿತಿ ಕೊಡಬೇಕೆಂದು ಪೊಲೀಸ್ ಆಯುಕ್ತಾಲಯ ಆದೇಶ ಹೊರಡಿಸುತ್ತದೆ, ಮಾಹಿತಿ ಕೊಡುವ ಹೊಣೆ ಮಾಲೀಕರದು. ಪುಣೆಯಲ್ಲೂ ಮಾಹಿತಿಯನ್ನು ಆನ್‌ಲೈನಿನಲ್ಲೇ ತುಂಬಬಹುದು. ಹಾಗಾಗಿ ಮಾಲೀಕರು ಗುರುತಿನ ಚೀಟಿ ಕೇಳಿದರೆ ಜಗಳ ಬೇಡ. ಒಪ್ಪಂದದ ವಿಷಯವೂ ಹಾಗೆಯೇ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 1999ರ 55ನೇ ಕಲಮಿನಂತೆ ಲೀವ್ ಆ್ಯಂಡ್ ಲೈಸೆನ್ಸ್ ಒಪ್ಪಂದ (ಇಲ್ಲಿ ಮನೆ ಬಾಡಿಗೆಗೆ ಮಾಡಿಕೊಳ್ಳುವ ಕರಾರು) ಬರವಣಿಗೆಯಲ್ಲಿದ್ದು ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮಾಲೀಕರದು.

ಸೊಸೈಟಿಯದು ಬೇರೆ ಲೆಕ್ಕ. ಒಪ್ಪಂದದ ಪ್ರತಿ, ಪೊಲೀಸರಿಗೆ ಮಾಹಿತಿ ಕೊಟ್ಟ ರಸೀದಿ ಕೇಳಿದರೆ ಸರಿ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮದುವೆಯ ಸರ್ಟಿಫಿಕೇಟ್ ಕೇಳಿದರೆ ಯಾವ ಉಪನಿಯಮ, ಸಂಖ್ಯೆ ಎಷ್ಟು ಎಂದು ಮಾಲೀಕರ ಮೂಲಕ ಬರವಣಿಗೆಯಲ್ಲಿ ಕೇಳಿಸಿ. ಸೊಸೈಟಿಯ ಸದಸ್ಯರು ಅವರು, ನೀವಲ್ಲ. ಅವರು ಕೇಳಿದರೆ ಉತ್ತರ ಬೇಗ ಬರುತ್ತದೆ.

ಮನೆ ತೋರಿಸುವ ಹಂತದಲ್ಲಿರುವ ಬ್ರೋಕರ್‌ಗೆ ಯಾವ ಕಾಗದವೂ ಬೇಡ. ಹೆಸರು, ಫೋನ್ ನಂಬರ್, ಎಲ್ಲಿ ಕೆಲಸ, ಮನೆಯಲ್ಲಿ ಎಷ್ಟು ಜನ, ಇಷ್ಟು ಸಾಕು. ಟೋಕನ್ (ಮುಂಗಡ) ಕೊಟ್ಟು ಮನೆ ಗೊತ್ತಾದ ಮೇಲೆ ಕಾಗದ.

ನಮ್ಮವರಿಗೆ ಹೆಚ್ಚಾಗಿ ಎದುರಾಗುವ ಇನ್ನೊಂದು ಮಾತು, "ಕರ್ನಾಟಕದ ಆಧಾರ್ ನಡೆಯೋಲ್ಲ, ಇಲ್ಲಿಯ ವಿಳಾಸದ್ದು ತನ್ನಿ." ಇದು ತಪ್ಪು. ಪೊಲೀಸ್ ಫಾರ್ಮಿನಲ್ಲಿ ಕಾಯಂ ವಿಳಾಸದ ಜಾಗ ಇರುವುದೇ ಊರಿನ ವಿಳಾಸ ಬರೆಯಲು. ಅವಸರಕ್ಕೆ ಬಿದ್ದು ಏಜೆಂಟ್ ಕೈಯಲ್ಲಿ ಆಧಾರ್ ವಿಳಾಸ ಬದಲಿಸಲು ಒಟಿಪಿ ಕೊಟ್ಟವರಿದ್ದಾರೆ. ಆ ಒಟಿಪಿ ಕೊಡುವುದೆಂದರೆ ಮನೆಯ ಕೀಲಿಕೈ ಕೊಟ್ಟಂತೆ.

ಹಂತ 2: ಕಾಗದ ಸಿದ್ಧಮಾಡುವುದು

ಪೂರ್ತಿ ಸಂಖ್ಯೆಯಿರುವ ಆಧಾರ್ ಪ್ರತಿಯನ್ನು ಫೋನಿನ ಗ್ಯಾಲರಿಯಿಂದ ಇವತ್ತೇ ಅಳಿಸಿ. ಮೈಆಧಾರ್ ಪೋರ್ಟಲ್ಲಿಗೆ ಹೋಗಿ ಮಾಸ್ಕ್ ಮಾಡಿದ ಆಧಾರ್ ಆಯ್ಕೆಗೆ ಗುರುತು ಹಾಕಿ ಡೌನ್‌ಲೋಡ್ ಮಾಡಿ. ಅದರಲ್ಲಿ 12 ಅಂಕಿಗಳ ಪೈಕಿ ಕೊನೆಯ 4 ಮಾತ್ರ ಕಾಣುತ್ತವೆ. ಹೆಸರು, ಫೋಟೊ, ವಿಳಾಸ, ಕ್ಯೂಆರ್ ಕೋಡ್ ಎಲ್ಲವೂ ಇರುತ್ತವೆ.

"ಇದು ಅಸಲಿ ಅಂತ ಹೇಗೆ ನಂಬೋದು?" ಎಂದು ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಆ ಕ್ಯೂಆರ್ ಸ್ಕ್ಯಾನ್ ಮಾಡಲು ಹೇಳಿ. ನಿಮ್ಮ ಹೆಸರು, ಫೋಟೊ, ವಿಳಾಸ ಅವರ ಪರದೆಯ ಮೇಲೆ ಬರುತ್ತವೆ, ಪೂರ್ತಿ ಸಂಖ್ಯೆ ಬರುವುದಿಲ್ಲ. ಬರೀ ಝೆರಾಕ್ಸ್‌ಗಿಂತ ಇದು ಗಟ್ಟಿ ಪುರಾವೆ, ಯಾಕೆಂದರೆ ಝೆರಾಕ್ಸನ್ನು ಯಾರು ಬೇಕಾದರೂ ತಿದ್ದಬಹುದು. 2019ರ ತಿದ್ದುಪಡಿಯಿಂದ ಆಧಾರ್ ಕಾಯಿದೆಗೆ ಸೇರಿದ 8ಎ ಕಲಮು ಇದನ್ನೇ ಆಫ್‌ಲೈನ್ ಪರಿಶೀಲನೆ ಎನ್ನುತ್ತದೆ. ಹೀಗೆ ಪರಿಶೀಲಿಸುವ ಸಂಸ್ಥೆ ನಿಮ್ಮ ಒಪ್ಪಿಗೆ ಪಡೆಯಬೇಕು, ಆಧಾರ್ ಬದಲು ಬೇರೆ ಏನು ಕೊಡಬಹುದೆಂದು ತಿಳಿಸಬೇಕು, ಆಧಾರ್ ಸಂಖ್ಯೆಯನ್ನಾಗಲಿ ಬೆರಳಚ್ಚನ್ನಾಗಲಿ ಸಂಗ್ರಹಿಸುವಂತಿಲ್ಲ. ಅದಕ್ಕೂ ಮೊದಲು, 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಖಾಸಗಿಯವರು ಆಧಾರ್ ದೃಢೀಕರಣ ಬಳಸಲು ಬಿಟ್ಟಿದ್ದ 57ನೇ ಕಲಮಿನ ಭಾಗವನ್ನು ತೆಗೆದುಹಾಕಿತ್ತು.

ಡೌನ್‌ಲೋಡ್ ಮಾಡಿದ ಕಡತ ಪಾಸ್‌ವರ್ಡ್ ಕೇಳುತ್ತದೆ: ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಹುಟ್ಟಿದ ವರ್ಷ. ನಿಮ್ಮ ಹೆಸರು, ವಯಸ್ಸು ಗೊತ್ತಿರುವ ಯಾರೂ ಇದನ್ನು ತೆರೆಯಬಲ್ಲರು. ಪಾಸ್‌ವರ್ಡ್ ಇದೆಯೆಂದು ಧೈರ್ಯವಾಗಿ ಪೂರ್ತಿ ಸಂಖ್ಯೆಯ ಕಡತ ಕಳಿಸುವುದು ನಾನು ಪದೇ ಪದೇ ಕಾಣುವ ತಪ್ಪು.

ಈಗ ಮಾಸ್ಕ್ ಮಾಡಿದ ಪ್ರತಿಯನ್ನು ಪ್ರಿಂಟ್ ತೆಗೆಸಿ, ಪೆನ್ನಿನಿಂದ ಅಡ್ಡಲಾಗಿ ಬರೆಯಿರಿ: ಯಾರಿಗೆ ಕೊಡುತ್ತಿದ್ದೀರಿ, ಯಾವ ಫ್ಲ್ಯಾಟಿಗೆ, ಯಾವ ಕೆಲಸಕ್ಕೆ ಮಾತ್ರ, ದಿನಾಂಕ, ಸಹಿ. ಮರಾಠಿಯಲ್ಲಿ "ಫಕ್ತ ಪೋಲೀಸ್ ಪಡತಾಳಣೀಸಾಠೀ" (ಪೊಲೀಸ್ ಪರಿಶೀಲನೆಗೆ ಮಾತ್ರ) ಎಂದು ಬರೆದರೆ ಠಾಣೆಯಲ್ಲೂ ಸೊಸೈಟಿ ಆಫೀಸಿನಲ್ಲೂ ಯಾರೂ ಮುಖ ಗಂಟಿಕ್ಕುವುದಿಲ್ಲ. ಬರಹ ಫೋಟೊದ ಅಂಚನ್ನು ದಾಟಿ ಹೋಗಲಿ, ಮುಖವಾಗಲಿ ಕ್ಯೂಆರ್ ಕೋಡ್ ಆಗಲಿ ಮುಚ್ಚದಿರಲಿ. ಮೂಲೆಯ ಖಾಲಿ ಜಾಗದಲ್ಲಿ ಬರೆದರೆ ಕತ್ತರಿಸಿ ಝೆರಾಕ್ಸ್ ಮಾಡುವುದು ಸುಲಭ.

ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ ಹಾಕಿ. ನೋಟ್‌ಬುಕ್ಕಿನಲ್ಲಿ ಅದೇ ಸಂಖ್ಯೆಯ ಎದುರು ಯಾರಿಗೆ, ಯಾವತ್ತು, ಯಾತಕ್ಕೆ ಎಂದು ಬರೆದುಕೊಳ್ಳಿ. ನನ್ನ ತಮ್ಮ ಇಷ್ಟು ಮಾಡಿದ್ದರೆ ಪೊಲೀಸರ ಪ್ರಶ್ನೆಗೆ ಒಂದು ಜಾಡಾದರೂ ತೋರಿಸಬಹುದಿತ್ತು. ಪ್ಯಾನ್ ಪ್ರತಿಗೂ ಇದೇ ಕ್ರಮ. ಸಾಲ ಎತ್ತುವವರಿಗೆ ಆಧಾರ್‌ನಷ್ಟೇ ಪ್ಯಾನ್ ಮೇಲೂ ಕಣ್ಣಿರುತ್ತದೆ.

ಹಂತ 3: ಕಳಿಸುವ ರೀತಿ

ಸಾಧ್ಯವಾದರೆ ಕೈಗೇ ಕೊಡಿ. ಇಲ್ಲವಾದರೆ ಕಾಗದ ಬೇಕಿರುವ ವ್ಯಕ್ತಿಗೆ ಇಮೇಲ್ ಮಾಡಿ. ವಾಟ್ಸ್ಆ್ಯಪ್ ಗುಂಪಿಗೆ ಹಾಕಲೇಬೇಡಿ. "ಸೊಸೈಟಿ ಗ್ರೂಪಿಗೆ ಹಾಕಿಬಿಡಿ, ಸೆಕ್ರೆಟರಿ ನೋಡ್ಕೊಳ್ತಾರೆ" ಎಂದರೆ ಅದೇ ಎಚ್ಚರಿಕೆಯ ಗಂಟೆ.

ಕಳಿಸುವಾಗ ಜೊತೆಗೆ ಎರಡು ಸಾಲು ಹೋಗಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ: "ಇಂಥ ಫ್ಲ್ಯಾಟಿನ ಪೊಲೀಸ್ ಪರಿಶೀಲನೆಗಾಗಿ ಮಾತ್ರ ಈ ಪ್ರತಿ ಕಳಿಸುತ್ತಿದ್ದೇನೆ. ಬೇರೆಯವರಿಗೆ ಕೊಡಲು ನನ್ನ ಒಪ್ಪಿಗೆ ಇಲ್ಲ. ಕೆಲಸ ಮುಗಿದ ಮೇಲೆ ಅಳಿಸಿ ತಿಳಿಸಿ." ಸಂಕೋಚಪಡಬೇಡಿ. ಈ ಸಾಲುಗಳು ನಾಳೆ ದೂರು ಬರೆಯುವಾಗ ಅಡಿಪಾಯವಾಗುತ್ತವೆ. ಒಪ್ಪಿಗೆ ಎಷ್ಟಕ್ಕಿತ್ತು ಎಂಬುದು ಬರವಣಿಗೆಯಲ್ಲಿ ಇಲ್ಲದಿದ್ದರೆ "ಅವರೇ ಕೊಟ್ಟಿದ್ದು ಸಾರ್" ಎಂಬ ಒಂದೇ ಮಾತಿಗೆ ದೂರು ಕುಸಿಯುತ್ತದೆ.

ಹಂತ 4: ಹೆಬ್ಬೆಟ್ಟು ಒತ್ತುವ ದಿನ

ಮಹಾರಾಷ್ಟ್ರದಲ್ಲಿ ಲೀವ್ ಆ್ಯಂಡ್ ಲೈಸೆನ್ಸ್ ನೋಂದಣಿಯನ್ನು ಆನ್‌ಲೈನಿನಲ್ಲಿ ಮಾಡಿಸಿದರೆ ಏಜೆಂಟ್ ಸಣ್ಣ ಯಂತ್ರ ಹಿಡಿದು ಮನೆಗೇ ಬಂದು ಬೆರಳಚ್ಚು ತೆಗೆದುಕೊಳ್ಳುತ್ತಾನೆ. ಗುರುತು ಆಧಾರ್ ಮೂಲಕ ದೃಢವಾಗುತ್ತದೆ. ಅನುಕೂಲ ನಿಜ, ಆದರೆ ಬೆರಳು ಪಾಸ್‌ವರ್ಡಿನಂತೆ ಬದಲಾಯಿಸಲು ಬರುವುದಿಲ್ಲ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಆಧಾರ್ ಪಾವತಿ ಯಂತ್ರದಿಂದ ಹಣ ತೆಗೆದ ಪ್ರಕರಣಗಳು ದೇಶದಲ್ಲಿ ನಡೆದಿವೆ.

ಬೆರಳಿಡುವ ಮೊದಲು ಏಜೆಂಟಿನ ಲ್ಯಾಪ್‌ಟಾಪಿನಲ್ಲಿ ತೆರೆದಿರುವುದು ನೋಂದಣಿ ಇಲಾಖೆಯ ಪುಟವೇ, ಅದರಲ್ಲಿ ನಿಮ್ಮ ಒಪ್ಪಂದವೇ ಇದೆಯೇ ಎಂದು ಓದಿ ನೋಡಿ. "ಬರಲಿಲ್ಲ, ಇನ್ನೊಮ್ಮೆ ಇಡಿ" ಎಂದು ಮೂರು ನಾಲ್ಕು ಸಲ ಹೇಳಿದರೆ ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ. ಒರಟು ಬೆರಳಿನವರಿಗೆ, ವಯಸ್ಸಾದವರಿಗೆ ನಿಜಕ್ಕೂ ಬರದೇ ಇರಬಹುದು. ಆದರೆ ಪ್ರತಿ ಸಲ ಏನಾಗುತ್ತಿದೆ ಎಂಬುದು ನಿಮಗೆ ಕಾಣಬೇಕು. ಒಪ್ಪಂದದ ಕರಡಿನಲ್ಲಿ ಪೂರ್ತಿ ಆಧಾರ್ ಸಂಖ್ಯೆ ಬರೆದಿದ್ದರೆ ತೆಗೆಸಿ.

ಹಂತ 5: ಬೀಗ ಹಾಕಿ, ತಿಂಗಳಿಗೊಮ್ಮೆ ನೋಡಿ

ನೋಂದಣಿ ಮುಗಿದ ಸಂಜೆಯೇ ಮೈಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ. ಬೇಕಾದಾಗ ತಾತ್ಕಾಲಿಕವಾಗಿ ತೆಗೆಯಬಹುದು. ಲಾಕ್ ಇರುವಾಗ ರೇಷನ್ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ಹೆದರಿ ಲಾಕನ್ನೇ ಶಾಶ್ವತವಾಗಿ ತೆಗೆದವರಿದ್ದಾರೆ, ಹಾಗೆ ಮಾಡಬೇಡಿ. ಅದೇ ಪೋರ್ಟಲಿನಲ್ಲಿ ಕಳೆದ 6 ತಿಂಗಳ ದೃಢೀಕರಣ ಇತಿಹಾಸ ಸಿಗುತ್ತದೆ. ನೀವು ಮಾಡದ ದೃಢೀಕರಣ ಕಂಡರೆ ಪುಟದ ಚಿತ್ರ ತೆಗೆದಿಟ್ಟು ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ.

ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಸಂಚಾರ್ ಸಾಥಿ ಪೋರ್ಟಲ್ ತೋರಿಸುತ್ತದೆ, ನಿಮ್ಮದಲ್ಲದ್ದನ್ನು ಅಲ್ಲೇ "ನನ್ನ ನಂಬರ್ ಅಲ್ಲ" ಎಂದು ವರದಿ ಮಾಡಬಹುದು. ಸಾಲದ ವರದಿಯನ್ನು ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕೂ ಸಂಸ್ಥೆಗಳು ವರ್ಷಕ್ಕೆ ಒಮ್ಮೆ ಉಚಿತವಾಗಿ ಕೊಡಬೇಕು. ಒಂದೇ ದಿನ ನಾಲ್ಕನ್ನೂ ತೆಗೆಸದೆ ಮೂರು ತಿಂಗಳಿಗೊಂದರಂತೆ ತೆಗೆಸಿದರೆ ವರ್ಷವಿಡೀ ಕಾವಲಿದ್ದಂತೆ.

ಹಂತ 6: ದುರುಪಯೋಗ ಕಂಡ ದಿನ

ಮೊದಲು ಬ್ರೋಕರ್‌ಗೆ ಫೋನ್ ಮಾಡಿ ಬೈಯುವುದು ಸಹಜ. ಆದರೆ ಅದೇ ದೊಡ್ಡ ತಪ್ಪು. ಆಚೆಯವರು ಆ ಕ್ಷಣದಿಂದ ಅಳಿಸತೊಡಗುತ್ತಾರೆ.

ಹಣ ಹೋಗಿದ್ದರೆ ಎಲ್ಲಕ್ಕಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930. ನಂತರ ಬ್ಯಾಂಕಿಗೆ ಕರೆ. ಹಣ ಹೋಗಿಲ್ಲ, ಸಿಮ್ ಅಥವಾ ಸಾಲ ಮಾತ್ರ ಕಂಡಿದೆ ಎಂದಾದರೆ ಮೊದಲ ಕೆಲಸ ಸಾಕ್ಷಿ ಕೂಡಿಡುವುದು. ಚಾಟ್ ಅನ್ನು ಎಕ್ಸ್‌ಪೋರ್ಟ್ ಮಾಡಿ, ದಿನಾಂಕ ಮತ್ತು ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ನೋಟ್‌ಬುಕ್ಕಿನ ಆ ಪುಟದ ಫೋಟೊ ತೆಗೆಯಿರಿ, ಮೂಲ ಸಂದೇಶಗಳನ್ನು ಅಳಿಸಬೇಡಿ. ಆಮೇಲೆ ಸೈಬರ್ ಕ್ರೈಮ್ ಪೋರ್ಟಲ್ಲಿನಲ್ಲಿ ದೂರು. ಅದಾದ ಮೇಲೆ ಠಾಣೆ.

ನಿಮ್ಮದಲ್ಲದ ಸಾಲ ವರದಿಯಲ್ಲಿದ್ದರೆ ಸಾಲ ಕೊಟ್ಟ ಸಂಸ್ಥೆಗೂ ಕ್ರೆಡಿಟ್ ಸಂಸ್ಥೆಗೂ ಒಂದೇ ದಿನ ಬರೆಯಿರಿ. 30 ದಿನದೊಳಗೆ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಪತ್ರದಲ್ಲಿ ಈ ಸಾಲು ಬರೆದರೆ ಉತ್ತರದ ವೇಗ ಬೇರೆಯಾಗುತ್ತದೆ. ವಸೂಲಿಯವರು ಕರೆ ಮಾಡಿ "ಸ್ವಲ್ಪ ಕಟ್ಟಿಬಿಡಿ, ಹೆಸರು ತೆಗೀತೀವಿ" ಎಂದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೆಂದು ಒಪ್ಪಿಕೊಂಡಂತೆ ಅವರು ತೋರಿಸುತ್ತಾರೆ.

ಹಂತ 7: ಯಾವ ಬಾಗಿಲು ತಟ್ಟಬೇಕು

ಎಲ್ಲ ಸಂಕಟವನ್ನೂ ಒಂದೇ ಅರ್ಜಿಯಲ್ಲಿ ತುಂಬಿ, ಖಾಸಗಿತನದ ಹಕ್ಕು ಅಡಗಿರುವ ಸಂವಿಧಾನದ 21ನೇ ವಿಧಿಯಿಂದ ಶುರುಮಾಡಿ, ಠಾಣೆಗೂ ರಿಜಿಸ್ಟ್ರಾರರಿಗೂ ಮಂತ್ರಿಗಳಿಗೂ ಕಳಿಸುವುದು ನಮ್ಮವರ ರೂಢಿ. ಅಂಥ ಅರ್ಜಿ ಎಲ್ಲ ಮೇಜುಗಳ ಮೇಲೂ ಮಲಗುತ್ತದೆ. ಒಂದು ಬಾಗಿಲಿಗೆ ಒಂದು ಬೇಡಿಕೆ.

ಠಾಣೆಯಲ್ಲಿ ಅಪರಾಧದ ಸಂಗತಿ ಮಾತ್ರ ಹೇಳಿ. ಐಟಿ ಕಾಯಿದೆಯ 66ಸಿ ಇನ್ನೊಬ್ಬರ ಗುರುತನ್ನು ಮೋಸದಿಂದ ಬಳಸುವುದಕ್ಕೆ. ಒಪ್ಪಂದದಡಿ ಸಿಕ್ಕ ಮಾಹಿತಿಯನ್ನು ನಿಮ್ಮ ಒಪ್ಪಿಗೆಯಿಲ್ಲದೆ ಕೆಟ್ಟ ಉದ್ದೇಶದಿಂದ ಬಿಟ್ಟುಕೊಡುವುದಕ್ಕೆ 72ಎ. ಎರಡಕ್ಕೂ 3 ವರ್ಷದವರೆಗೆ ಸಜೆ ಇದೆ. "ಇದು ನಮ್ಮ ಹದ್ದಲ್ಲ" ಎಂದು ಓಡಿಸಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ಕೊಡಬಹುದು ಎಂದು ತಾಳ್ಮೆಯಿಂದ ಹೇಳಿ. ಆಗಲೂ ತೆಗೆದುಕೊಳ್ಳದಿದ್ದರೆ ದೂರಿನ ಸಾರವನ್ನು ಡಿಸಿಪಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ.

ಪರಿಹಾರ ಬೇಕಿದ್ದರೆ ಬಾಗಿಲು ಬೇರೆ. ಐಟಿ ಕಾಯಿದೆಯ 46ನೇ ಕಲಮಿನಡಿ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯೇ ನಿರ್ಣಯಾಧಿಕಾರಿ. ಮಹಾರಾಷ್ಟ್ರದವರಿಗೆ ಮುಂಬೈಯ ಮಂತ್ರಾಲಯ, ಅಂದರೆ ರಾಜ್ಯ ಸಚಿವಾಲಯ. 5 ಕೋಟಿ ರೂಪಾಯಿವರೆಗಿನ ಬೇಡಿಕೆಯನ್ನು ಅಲ್ಲಿ ಕೇಳಬಹುದು. ಮಾಹಿತಿಯನ್ನು ಸರಿಯಾಗಿ ಕಾಯದ ಸಂಸ್ಥೆಯಿಂದ ಪರಿಹಾರ ಕೊಡಿಸುವ 43ಎ ಕಲಮಿನ ಅರ್ಥದಲ್ಲಿ ಒಬ್ಬನೇ ನಡೆಸುವ ವ್ಯಾಪಾರವೂ ಸಂಸ್ಥೆಯೇ, ಆದ್ದರಿಂದ ಅಂಗಡಿ ಇಟ್ಟ ಬ್ರೋಕರ್ ಜಾರಿಕೊಳ್ಳುವುದು ಸುಲಭವಲ್ಲ. ಹೆಚ್ಚಿನವರಿಗೆ ಗೊತ್ತೇ ಇಲ್ಲದ ಬಾಗಿಲಿದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯ ಬಗ್ಗೆ ವಾಟ್ಸ್ಆ್ಯಪಿನಲ್ಲಿ ಬರುವ "250 ಕೋಟಿ ದಂಡ" ಸಂದೇಶ ನೋಡಿ ಇವತ್ತೇ ನೋಟಿಸ್ ಕಳಿಸಬೇಡಿ. ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ. ಒಪ್ಪಿಗೆ, ಅಳಿಸುವ ಹಕ್ಕು, ದಂಡದ ಮುಖ್ಯ ಭಾಗಗಳಿಗೆ ಅಲ್ಲಿಂದ 18 ತಿಂಗಳ ಗಡುವಿದೆ, ಅಂದರೆ 2027ರ ಮೇ. ಆಗ ಐಟಿ ಕಾಯಿದೆಯ 43ಎ ಕಲಮು ಹೋಗುತ್ತದೆ. ಹೊಸ ಕಾಯಿದೆಯಡಿಯೂ ಮೊದಲು ಸಂಸ್ಥೆಗೇ ದೂರು ಕೊಡಬೇಕು, ದತ್ತಾಂಶ ರಕ್ಷಣಾ ಮಂಡಳಿ ಆಮೇಲೆ. ದಂಡದ ಹಣ ನಿಮಗೆ ಬರುವುದಿಲ್ಲ.

ಹೈಕೋರ್ಟಿಗೆ ಯಾವಾಗ? ಖಾಸಗಿತನ ಮುರಿದದ್ದು ಪೊಲೀಸ್, ಪಾಲಿಕೆ, ಸರ್ಕಾರಿ ಇಲಾಖೆ ಆದಾಗ. 226ನೇ ವಿಧಿಯ ರಿಟ್ ಅರ್ಜಿ (ಹಕ್ಕು ಕಾಪಾಡಲು ನೇರ ಹೈಕೋರ್ಟಿಗೆ ಹಾಕುವ ಅರ್ಜಿ) ಅಲ್ಲಿ ನಿಜವಾದ ಆಯುಧ. 2019ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಪುಟ್ಟಸ್ವಾಮಿ ತೀರ್ಪಿನ ಅಳತೆಗೋಲನ್ನೇ ಹಿಡಿದು, ಮುಂಬೈಯ ಉದ್ಯಮಿಯೊಬ್ಬರ ಫೋನ್ ಕದ್ದಾಲಿಸಲು ಕೇಂದ್ರ ಗೃಹ ಇಲಾಖೆ ಕೊಟ್ಟಿದ್ದ ಮೂರು ಆದೇಶಗಳನ್ನು ರದ್ದು ಮಾಡಿ, ಮುದ್ರಿಕೆಗಳನ್ನು ನಾಶಪಡಿಸಲು ಹೇಳಿತು. 21ನೇ ವಿಧಿಯನ್ನು ಖಾಸಗಿಯವರ ಮೇಲೂ ಹೂಡಬಹುದೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಬಹುಮತ ಹೇಳಿದೆ. ಆದರೂ ಬ್ರೋಕರ್ ವಿರುದ್ಧ ನೇರ ಹೈಕೋರ್ಟಿಗೆ ಹೋಗಲು ನಾನು ಯಾರಿಗೂ ಹೇಳುವುದಿಲ್ಲ. ಕೆಳಗೇ ಪರಿಹಾರ ಇರುವಾಗ ಅಲ್ಲಿಗೆ ಹೋಗಿ ಎಂದು ತಿರುಗಿಸಿ ಕಳಿಸುವ ಸಂಭವವೇ ಹೆಚ್ಚು. ಪುಣೆಯವರಿಗೂ ಹೈಕೋರ್ಟ್ ಎಂದರೆ ಮುಂಬೈಯೇ, ಗೋವಾದವರಿಗೆ ಪೊರ್ವೊರಿಮ್‌ನ ಪೀಠ. ವಕೀಲರ ಖರ್ಚು ಭಾರವಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ.

ಹಂತ 8: ಮನೆ ಬಿಡುವ ದಿನ

ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಈ ಹಂತವನ್ನು ಯಾರೂ ಮಾಡುವುದಿಲ್ಲ. ಡೆಪಾಸಿಟ್ ಲೆಕ್ಕ ಮಾಡಲು ಮಾಲೀಕರು ಎದುರು ಕೂತಾಗಲೇ ನೋಟ್‌ಬುಕ್ ತೆಗೆಯಿರಿ. ಯಾವ ಸಂಖ್ಯೆಯ ಪ್ರತಿ ಯಾರಲ್ಲಿದೆ ಎಂದು ಓದಿ ಹೇಳಿ. ಕಾಗದದ ಪ್ರತಿ ವಾಪಸ್ ತೆಗೆದುಕೊಳ್ಳಿ, ಫೋನಿನಲ್ಲಿರುವುದನ್ನು ನಿಮ್ಮೆದುರೇ ಅಳಿಸಲು ಕೇಳಿ. ಗೇಟಿನ ಆ್ಯಪಿನಲ್ಲಿ ನಿಮ್ಮದೂ ಮಕ್ಕಳದೂ ಕೆಲಸದವರದೂ ಹೆಸರು, ಫೋಟೊ ಇರುತ್ತವೆ, ತೆಗೆಸಿ. ಸೊಸೈಟಿಯ ಗುಂಪಿನಿಂದ ನೀವು ಹೊರಬರುವ ಮೊದಲು ಅಲ್ಲಿ ನೀವು ಹಾಕಿದ ಕಾಗದಗಳನ್ನು ಹುಡುಕಿ ನೋಡಿ. ಬ್ರೋಕರ್‌ಗೆ ಒಂದು ಇಮೇಲ್: ಒಪ್ಪಂದ ಮುಗಿದಿದೆ, ನನ್ನ ಪ್ರತಿ ಅಳಿಸಿ ತಿಳಿಸಿ. ಉತ್ತರ ಬರಲಿ ಬಿಡಲಿ, ಕಳಿಸಿದ ದಿನಾಂಕವನ್ನು ಆ ಕ್ರಮಸಂಖ್ಯೆಯ ಎದುರಿಗೆ ಬರೆದುಕೊಳ್ಳಿ.